ಪಾತ್ರವೂ ಪಾತ್ರೆಯೂ

ಮೆಚ್ಚಿನ ನಟನೊಬ್ಬನು ತೆರೆಯ ಮೇಲೆ ತಾನು ಮೂರ್ತಿಗೊಳಿಸಿದ ಸತ್ಪುರುಷನಂತೆ ಮನೆಯಲ್ಲಿ ಬಾಳುತ್ತಿಲ್ಲವೆಂದು ತಿಳಿದುಬಂದ ದಿನ, ಅವನೊಡನೆ ಪರಿಚಯವಾಗಲಿ ನೆಂಟಸ್ತಿಕೆಯಾಗಲಿ ಇಲ್ಲದ ನಮಗೆ, ಆಪ್ತನೊಬ್ಬನಿಂದ ಮೋಸಹೋದಷ್ಟು ವ್ಯಥೆಯಾಗುತ್ತದೆ. ವಿಚಿತ್ರವೆಂದರೆ, ಇದೇ ಅಂತರವು ಅದಲುಬದಲಾಗಿ ಕಂಡಾಗ ನಮಗೆ ಯಾವ ವ್ಯಥೆಯೂ ಇಲ್ಲ. ಖಳನಟ ವಜ್ರಮುನಿಯವರ ಗುಡುಗಿನಂಥ ಕಂಠಕ್ಕೂ ಕೆಂಡದಂಥ ಕಣ್ಣಿಗೂ ಬೆದರಿ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಸಾಹುಕಾರನಿಗೆ ಹಿಡಿಶಾಪ ಹಾಕಿದ ಪ್ರೇಕ್ಷಕರೇ, ಅವರು ನಿಜದಲ್ಲಿ ಮೃದುಸ್ವಭಾವದ ಸಜ್ಜನರೆಂದು ಅವರೊಡನೆ ದುಡಿದವರು ಹೇಳಿದಾಗ ಹಿಗ್ಗಿದರು. ‘ಇಷ್ಟು ಕಾಲ ನಮಗೆ ಹುಸಿ ಕ್ರೌರ್ಯವನ್ನು ತೋರಿಸಿದರಲ್ಲ’ ಎಂದು ದೂರಿದವರನ್ನು ನಾನು ಕಾಣೆ. ವೇಷಕ್ಕೂ ಮನುಷ್ಯನಿಗೂ ನಡುವಣ ಅಂತರವೇ ಅಸತ್ಯವಾಗಿದ್ದಲ್ಲಿ, ಎರಡೆಡೆಗಳಲ್ಲಿಯೂ ಅದು ಸಮಾನವಾಗಿ ನಮ್ಮನ್ನು ನೋಯಿಸಬೇಕಾಗಿತ್ತು. ಹಾಗಾಗದಿರುವುದರಿಂದ, ನಮ್ಮ ನೋವಿನ ಮೂಲವನ್ನು ಬೇರೆಡೆ ಅರಸಬೇಕಾಗುತ್ತದೆ.

ನಮ್ಮ ಆಲಂಕಾರಿಕರು ಈ ಪ್ರಶ್ನೆಯ ನೆರೆಯಲ್ಲಿಯೇ ಬಹುಕಾಲ ಸುಳಿದಾಡಿದ್ದಾರೆ. ರಸವಿರುವುದು ರಾಮನಲ್ಲಿಯೋ, ರಾಮನ ವೇಷ ಧರಿಸಿದ ನಟನಲ್ಲಿಯೋ, ಕಾಣುವ ಸಹೃದಯನಲ್ಲಿಯೋ ಎಂಬ ವಾದದಲ್ಲಿ, ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ಸಹೃದಯನ ಪಕ್ಷವನ್ನು ಹಿಡಿದು, ನಟನನ್ನು ‘ಪಾತ್ರ’ವೆನ್ನುವುದೇಕೆಂಬುದಕ್ಕೆ ಸೊಗಸಾದ ಕಾರಣವನ್ನು ಕೊಡುತ್ತಾನೆ: ಪಾತ್ರವೆಂದರೆ ಪಾತ್ರೆ, ಪಾನದ ರುಚಿ ಕುಡಿಯುವವನಿಗೆ ಸೇರಿದ್ದು, ಬಟ್ಟಲಿಗಲ್ಲ. ಕನ್ನಡದಲ್ಲಂತೂ ಈ ಎರಡು ಮಾತುಗಳಿಗೆ ಒಂದು ಸ್ವರದಷ್ಟೇ ದೂರ. 1972ರ ‘ಬಂಗಾರದ ಮನುಷ್ಯ’ವನ್ನು ಕಂಡು, ಪೇಟೆಯ ಉದ್ಯೋಗವನ್ನು ತೊರೆದು ಹಳ್ಳಿಗೆ ಮರಳಿ ನೇಗಿಲು ಹಿಡಿದ ತರುಣರ ಸಂಗತಿ ನಾಡಿನಲ್ಲಿ ಮನೆಮಾತಾಗಿದೆ; ಅದರ ನಾಯಕ ರಾಜೀವನ ಪಾತ್ರವನ್ನು ವಹಿಸಿದ ರಾಜಕುಮಾರ್ ಅವರು ವೃತ್ತಿಯಿಂದ ನಟರೇ ಹೊರತು ಒಕ್ಕಲಿನವರಲ್ಲವೆಂಬ ಕಾರಣದಿಂದ ಆ ತರುಣರ ಹೊಲದ ಬೆಳೆ ಜೊಳ್ಳಾಗಲಿಲ್ಲ.

ವೇದಾಂತಿಗಳಿಗೂ ನಟನು ಪ್ರಿಯನೇ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ವಿವೇಕಚೂಡಾಮಣಿ’ಯಲ್ಲಿ, ವೇಷವಿದ್ದಾಗಲೂ ಇಲ್ಲದಾಗಲೂ ನಟನು ಹೇಗೆ ಮನುಷ್ಯನೇ ಆಗಿರುವನೋ, ಹಾಗೆಯೇ ಬ್ರಹ್ಮಜ್ಞನು ಸದಾ ಬ್ರಹ್ಮವೇ ಆಗಿರುವನೆಂಬ ಉಪಮಾನವು ಬರುತ್ತದೆ. ದೃಷ್ಟಾಂತವೆಂದರೆ ಎಲ್ಲರಿಗೂ ತಿಳಿದ ಸಂಗತಿ. ತಿಳಿಯದುದನ್ನು ತಿಳಿಸುವುದಕ್ಕಾಗಿ ಅದನ್ನು ತರುತ್ತಾರೆ. ವೇಷದೊಳಗೆ ಮನುಷ್ಯನಿರುವನೆಂಬುದು ಅಂದಿನವರಿಗೆ ಅಷ್ಟು ನಿಸ್ಸಂಶಯವಾಗಿದ್ದುದರಿಂದಲೇ ಅದರ ಆಸರೆಯಿಂದ ಬ್ರಹ್ಮಜ್ಞಾನಿಯ ಸ್ಥಿತಿಯನ್ನು ವಿವರಿಸಹೊರಟರು. ಇಂದು ದೃಷ್ಟಾಂತಕ್ಕೇ ವ್ಯಾಖ್ಯಾನ ಬೇಕಾಗಿದೆ.

ಹಾಗಾದುದಕ್ಕೆ ಕಾರಣವೂ ಉಂಟು. ಕಾಶಿಯ ಸಮೀಪದ ರಾಮನಗರದ ರಾಮಲೀಲೆಯಲ್ಲಿ ರಾಮಲಕ್ಷ್ಮಣರಾಗುವ ಬಾಲಕರನ್ನು ಜನರು ‘ಸ್ವರೂಪ’ಗಳೆಂದು ಕರೆದು, ಸಾಕ್ಷಾತ್ ದೇವರೆಂದೇ ಆರತಿಯ ಹೊತ್ತಿನಲ್ಲಿ ಕೈಮುಗಿಯುತ್ತಾರೆ, ಆ ದೇವತ್ವಕ್ಕೆ ಕಿರೀಟವೇ ಅವಧಿ. ನಮ್ಮ ಕರಾವಳಿಯ ಬಯಲಾಟದಲ್ಲಿ ರಾತ್ರಿಯೆಲ್ಲ ಅಬ್ಬರಿಸಿ ಮಕ್ಕಳನ್ನು ನಡುಗಿಸಿದ ಬಣ್ಣದ ವೇಷವು, ಬೆಳಗಾಗುತ್ತಲೆ, ವೇಷ ಕಟ್ಟಿ ಬಿಚ್ಚುವ ಚೌಕಿಯಲ್ಲಿ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಒರೆಸಿಕೊಂಡು, ನಿದ್ದೆಗಣ್ಣಿನ ಸಾಮಾನ್ಯ ಮನುಷ್ಯನಾಗಿ ಹೊರಗೆ ಬರುತ್ತದೆ. ಅದನ್ನು ಊರೇ ಕಾಣುತ್ತಿತ್ತು. ಚಲನಚಿತ್ರಕ್ಕೆ ಚೌಕಿಯಿಲ್ಲ. ನಟನು ಬಣ್ಣ ತೊಳೆದು ಮನೆಗೆ ಹೋದರೂ, ಮುಪ್ಪಡರಿದರೂ, ಮಡಿದರೂ, ಅವನ ಬಿಂಬವು ಬಣ್ಣ ತೊಳೆಯದೆ ಗೋಡೆಯ ಮೇಲೆಯೂ ತೆರೆಯ ಮೇಲೆಯೂ ನಿಂತೇ ಇರುತ್ತದೆ.

ಆದರೂ ತಪ್ಪೆಲ್ಲ ತೆರೆಯದೆನ್ನಲಾಗದು. ರಾಜಕುಮಾರ್ ಅವರು 1959ರಲ್ಲಿ ಮಹಿಷಾಸುರನಾದರು, 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರಸ್ವಾಮಿಗಳಾದರು, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾದರು. ಮುಖವೊಂದೇ, ಕಂಠವೊಂದೇ, ಆದರೂ ಜನರು ದೈತ್ಯರಿಬ್ಬರನ್ನೂ ಚಿತ್ರಮಂದಿರದಲ್ಲಿಯೇ ಬಿಟ್ಟು, ಯತಿಯೊಬ್ಬರನ್ನು ಮಾತ್ರ ನಟನ ಸ್ವಭಾವವೆಂದು ಮನೆಗೆ ಕರೆತಂದರು. ಆಯ್ದುಕೊಂಡವರು ನಾವು. ನಮ್ಮಲ್ಲಿರಬೇಕಾಗಿದ್ದ ಔದಾರ್ಯವನ್ನೂ ಸಂಯಮವನ್ನೂ ನಾವೇ ಸಾಧಿಸಲಾರದೆ, ಅವನ್ನು ಒಬ್ಬ ನಟನಲ್ಲಿ ಠೇವಣಿಯಿಟ್ಟು ನಿಶ್ಚಿಂತರಾಗುತ್ತೇವೆ. ಅವನು ಎಡವಿದಾಗ ಹುಟ್ಟುವ ಕೋಪವು ಠೇವಣಿ ಮುಳುಗಿತೆಂಬ ಕೋಪ. ಖಳನಲ್ಲಿ ನಾವು ಏನನ್ನೂ ಇಟ್ಟಿರಲಿಲ್ಲವಾದುದರಿಂದ, ಅವನ ಒಳ್ಳೆಯತನವು ನಮಗೆ ಅನಿರೀಕ್ಷಿತ ಲಾಭವಾಗಿ ತೋರುತ್ತದೆ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದುದನ್ನು ಬರಿಯ ವಿನಯವೆಂದು ಬಗೆದವರುಂಟು. ನನಗಾದರೋ ಅದು, ತಮ್ಮಲ್ಲಿ ಜನರು ಇಟ್ಟ ದೇವತ್ವವನ್ನು ಇಟ್ಟವರಿಗೇ ಹಿಂದಿರುಗಿಸುವ ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಪಾತ್ರೆಯು ಹೇಗಿದ್ದರೂ ಚಿಂತೆಯಿಲ್ಲವೆಂದು ಇದರಿಂದ ಹೇಳಿದಂತಾಗುವುದಿಲ್ಲ. ನಟನು ಇನ್ನೊಬ್ಬರಿಗೆ ಕೇಡುಮಾಡಿದ್ದರೆ, ನೆರೆಮನೆಯವನನ್ನು ಅಳೆಯುವ ಕೊಳಗದಿಂದಲೇ ಅವನನ್ನೂ ಅಳೆಯಬೇಕು; ಅವನ ರಾಮನ ವೇಷವು ರಿಯಾಯಿತಿಗೆ ಕಾರಣವಾಗಬಾರದು, ಹೆಚ್ಚಿನ ದಂಡಕ್ಕೂ ಕಾರಣವಾಗಬಾರದು. ಆ ವೇಷದಿಂದ ನಾವು ಪಡೆದ ಕಣ್ಣೀರು ಮಾತ್ರ ನಮ್ಮದೇ. ಅದನ್ನು ಮರಳಿ ಕೇಳುವ ಅಧಿಕಾರ ಯಾರಿಗೂ ಇಲ್ಲ. ಬಯಲಾಟದ ಕಾಲಕ್ಕೆ ಬಣ್ಣ ಒರೆಸಿಕೊಳ್ಳುವುದು ವೇಷಧಾರಿಯ ಕೆಲಸವಾಗಿತ್ತು. ಈಗ ಆ ಎಣ್ಣೆಯ ಬಟ್ಟಲು ನೋಡುವವನ ಕೈಗೆ ಬಂದಿದೆ.