ಹಾಡುವ ಸುವಾರ್ತಿಕನ ಋಣ
ಸುವಾರ್ತೆಯನ್ನು, ಅಂದರೆ ಯೇಸುವಿನ ಜೀವನ, ಮರಣ, ಪುನರುತ್ಥಾನಗಳ ಶುಭಸಂದೇಶವನ್ನು, ಹಾಡಿ ಸಾರಲು ಹೊರಟವನಿಗೆ ತೊಡಕಿನದೊಂದು ಪ್ರಶ್ನೆ ಎದುರಾಗುತ್ತದೆ: ಬೇರೊಂದು ದೈವವನ್ನು ಸ್ತುತಿಸುತ್ತ ಬೆಳೆದ ಛಂದಸ್ಸನ್ನೂ ಧಾಟಿಯನ್ನೂ ಎರವಲು ಪಡೆಯುವಾಗ, ಅವುಗಳೊಳಗೆ ನೆಲೆಸಿದ ಭಕ್ತಿಯನ್ನು ಹೊರಗಿಟ್ಟು ಬರಿಯ ರೂಪವನ್ನಷ್ಟೇ ತೆಗೆದುಕೊಳ್ಳುವುದು ಸಾಧ್ಯವೆ? ಕನ್ನಡದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದವರಲ್ಲಿ ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ (1832–1903) ಪ್ರಮುಖರು.

1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ ಪಯಟಿಸ್ಟ್ ಪರಂಪರೆಗೆ, ಎಂದರೆ ಸಿದ್ಧಾಂತದ ಒಪ್ಪಿಗೆಗಿಂತ ಹೃದಯದ ಪರಿವರ್ತನೆಯನ್ನೂ ಪಾಪಿಯ ಮೊರೆಯನ್ನೂ ದೊಡ್ಡದೆಂದು ತಿಳಿದ ಪ್ರೊಟೆಸ್ಟೆಂಟ್ ಪಂಥಕ್ಕೆ, ಸೇರಿದುದಾಗಿತ್ತು. ವಿಷ್ಣುಭಕ್ತ ಕೀರ್ತನಕಾರರಾದ ಹರಿದಾಸರ ಪದಗಳಲ್ಲಿಯೂ ತನ್ನ ಅಲ್ಪತೆಯನ್ನು ಬಲ್ಲ ದಾಸನೊಬ್ಬನು ಒಡೆಯನ ಕರುಣೆಗಾಗಿ ಮೊರೆಯಿಡುತ್ತಾನೆ. ‘ಮಂಗಳೂರು ಸಮಾಚಾರ’ ಪತ್ರಿಕೆಯ ಸಂಪಾದಕರಾಗಿದ್ದು, ಮುಂದೆ ಕೊಡಗಿನಲ್ಲಿ ಆನಂದಪುರದ ಕ್ರೈಸ್ತ ನೆಲೆಯನ್ನು ಕಟ್ಟಿದ ಹರ್ಮನ್ ಮೋಗ್ಲಿಂಗರು 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರ ಹಿಂದೆ ಈ ಒಳನಂಟಿನ ಅರಿವು ಇದ್ದಿರಬೇಕು, ಎದುರಾಳಿಯ ಮತವನ್ನು ತಿಳಿದುಕೊಳ್ಳುವ ಉಪಾಯವಷ್ಟೇ ಅದೆಂದರೆ ಆ ಶ್ರಮದ ತೂಕ ವಿವರಣೆಗೆ ಸಿಗುವುದಿಲ್ಲ.

1853ರಲ್ಲಿ ಬಂದ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ದೇಶೀಯ ಛಂದಸ್ಸುಗಳಲ್ಲಿ ರಚಿಸಿದರು. ಜರ್ಮನ್ ಸ್ತೋತ್ರಗಳ ಧಾಟಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರೆ ದೀರ್ಘವು ಹ್ರಸ್ವವಾಗಿ, ಪದದ ನಡುವೆಯೇ ಉಸಿರು ಕಡಿದು, ಕೇಳುಗನಿಗೆ ಆ ದೇವರು ಪರದೇಶಿಯಾಗಿಯೇ ಉಳಿಯುತ್ತಾನೆ. ಮಾತ್ರೆಗಳನ್ನು, ಎಂದರೆ ಅಕ್ಷರದ ಉಚ್ಚಾರಣೆಯ ಕಾಲಮಾನವನ್ನು, ಆಧರಿಸಿದ ಕನ್ನಡದ ನಡೆಯಲ್ಲಿ ಹಾಡಬೇಕಾದರೆ ಕನ್ನಡದ ಕವಿಗಳ ಬಳಿ ಶಿಷ್ಯನಾಗಿ ಕೂರಲೇಬೇಕು. ಉಪದೇಶಿಸಲು ಬಂದವನು ಕಲಿಯುವವನಾಗುವ ಈ ಸ್ಥಿತಿ ಧಾರ್ಮಿಕವಾಗಿಯೂ ಅರ್ಥಪೂರ್ಣವಾದುದು, ಏಕೆಂದರೆ ಪಯಟಿಸ್ಟರು ಬೋಧಿಸಿದ ದೀನತೆ ಇಲ್ಲಿ ಆಚರಣೆಗೆ ಬರುತ್ತದೆ.

ಆದ್ದರಿಂದ ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ (1875) ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಹೊರತಂದ ವಿದ್ವಾಂಸನನ್ನು ಹೊಗಳಿ, ಮತಪ್ರಚಾರಕನನ್ನು ಮರೆಯುವ ರೂಢಿ ಸರಿಯಲ್ಲ. ಕಿಟ್ಟೆಲರು ತಮ್ಮ ಕ್ರೈಸ್ತ ನಂಬಿಕೆಯನ್ನು ಸಡಿಲಿಸಲಿಲ್ಲ. ಕೀರ್ತನಕಾರರು ಪದದ ಕೊನೆಯಲ್ಲಿಡುವ ಇಷ್ಟದೈವದ ಹೆಸರಾದ ಅಂಕಿತದ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. ಆದರೆ ಆ ಹೆಸರಿನವರೆಗೆ ಸಾಗುವ ದಾರಿಯನ್ನು ಅವರು ಕನ್ನಡದಿಂದಲೇ ಪಡೆದರು. ಅದೇ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸುವ ಹೊತ್ತಿಗೆ ಇದು ಎರವಲಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಅವರಿಗೆ ಬೈಬಲ್ಲಿನಂತೆ ವಚನವೂ ಹುಟ್ಟಿನಿಂದಲೇ ತಮ್ಮದಾಗಿತ್ತು.