ಆಸೆ ಬಂದರೆ ವ್ರತ ಕೆಡುತ್ತದೆಯೇ?



ಮಾಲೆ ಹಾಕಿದ ದಿನವೇ ಸಿಗರೇಟು ಬಿಟ್ಟ ಯುವಸ್ವಾಮಿಗಳು ನಮ್ಮಲ್ಲಿ ಬಹಳ ಜನ. ಅವರಲ್ಲಿ ಹಲವರನ್ನು ಕಾಡುವ ಪ್ರಶ್ನೆ ಇದು. ಸೇದಿಲ್ಲ, ಸೇದುವುದೂ ಇಲ್ಲ. ಆದರೆ ಪುಣೆಯ ಟಪರಿಯ ಮುಂದೆಯೋ ಹೈದರಾಬಾದಿನ ಇರಾನಿ ಚಹಾ ಹೋಟೆಲಿನ ಬಳಿಯೋ ಹಾದುಹೋಗುವಾಗ ಹೊಗೆಯ ವಾಸನೆ ಮೂಗಿಗೆ ಬಡಿದು, ಒಂದು ಕ್ಷಣ ‘ಬೇಕು’ ಅನ್ನಿಸಿತು. ವ್ರತ ಕೆಟ್ಟಿತೇ?

ಮೊದಲು ಮೂಗಿನ ಕೆಲಸ ತಿಳಿಯೋಣ. ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲವೂ ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆ ಮಾತ್ರ ಅಲ್ಲಿಗೆ ಹೋಗದೆಯೇ ಭಾವನೆ, ನೆನಪುಗಳ ಕೇಂದ್ರಗಳನ್ನು ತಲುಪಬಲ್ಲದು. ಕರ್ಪೂರದ ಪರಿಮಳ ಬಂದರೆ ಯೋಚಿಸುವ ಮೊದಲೇ ಊರಿನ ಭಜನೆ ನೆನಪಾಗುತ್ತದಲ್ಲ, ಹಾಗೆ. ಸಿಗರೇಟಿನ ವಾಸನೆಯೂ ಅದೇ ದಾರಿಯಲ್ಲಿ ಬಂದು ಹಳೆಯ ಬ್ರೇಕು, ಗೆಳೆಯರು, ಚಹಾ ಎಲ್ಲವನ್ನೂ ಎಳೆದು ತರುತ್ತದೆ. ಮೇಲಾಗಿ ಸಿಗರೇಟು ಬಿಟ್ಟವರ ಮೂಗು ದಿನ ಕಳೆದಂತೆ ಚುರುಕಾಗುತ್ತದೆ. ಸೇದುವಾಗ ಗಮನಕ್ಕೇ ಬಾರದ ಹೊಗೆ ಈಗ ದೂರದಿಂದಲೇ ತಿಳಿಯುತ್ತದೆ.

ಹಾಗಾಗಿ ಆ ಕ್ಷಣದ ಆಸೆ ನಾವು ಮಾಡಿದ ಕೆಲಸವಲ್ಲ. ನನ್ನ ಸಪೋರ್ಟ್ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಪರದೆಯ ಮೇಲೆ ಪಾಪ್-ಅಪ್ ಬಂದದ್ದಕ್ಕೆ ಯೂಸರ್ ಹೊಣೆಯಲ್ಲ. ‘ಓಕೆ’ ಒತ್ತಿದರೆ ಹೊಣೆ. ವ್ರತ ಕೆಡುವುದು ಅಲ್ಲಿ.

ಇದನ್ನೇ ನೆಪ ಮಾಡಿಕೊಂಡು ‘ಎಲ್ಲ ಮಿದುಳಿನ ಆಟ, ನಾನೇನು ಮಾಡಲಿ’ ಅನ್ನಬಾರದು. ತಿಳಿದವನಿಗೆ ಜವಾಬ್ದಾರಿ ಹೆಚ್ಚು. ಸಂಜೆ ನಾಲ್ಕಕ್ಕೆ ಆ ಗೇಟಿನಲ್ಲಿ ಹೊಗೆ ಇರುತ್ತದೆಂದು ಗೊತ್ತಿದ್ದೂ ‘ಸುಮ್ಮನೆ ಜೊತೆಗೆ ನಿಲ್ಲುತ್ತೇನೆ’ ಎಂದು ಹೋದರೆ ತಪ್ಪು ವಾಸನೆಯದಲ್ಲ. ಬೇರೆ ಗೇಟಿನಿಂದ ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ತಪ್ಪಿಸಿಕೊಳ್ಳಲಾಗದ ಕಡೆ? ಆಸೆಯ ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 232 ಧೂಮಪಾನಿಗಳ ಅಧ್ಯಯನ ಪ್ರಕಟಿಸಿದರು. ಪುದೀನ, ನಿಂಬೆಯಂಥ ಹಿತವಾದ ಪರಿಮಳ ಮೂಸಿದವರಲ್ಲಿ ಆಸೆ, ತಂಬಾಕು ಮೂಸಿದವರಿಗಿಂತ ಹೆಚ್ಚು ಇಳಿದಿತ್ತು. ಅವರು ಸಿಗರೇಟು ಬಿಡಲು ಹೊರಟವರಲ್ಲ, ಆದ್ದರಿಂದ ಇದೇ ಮದ್ದು ಎನ್ನಲಾಗದು. ಆದರೂ ಜೇಬಿನಲ್ಲಿ ಎರಡು ಏಲಕ್ಕಿ, ನಾಲ್ಕು ಪುದೀನ ಎಲೆ ಇದ್ದರೆ ನಷ್ಟವಿಲ್ಲ. ಮೂಗು ತಂದ ಕಾಟವನ್ನು ಮೂಗಿನಿಂದಲೇ ದಾಟಲು ನೋಡಬಹುದು.

ದೊಡ್ಡ ಪ್ರಶ್ನೆ 42ನೇ ದಿನದ್ದು. ನಿಕೋಟಿನ್ ಬಿಟ್ಟ ದೇಹದ ಚಡಪಡಿಕೆ ಮೊದಲ ಕೆಲವು ದಿನ ಜೋರಾಗಿದ್ದು, ಹೆಚ್ಚಿನವರಲ್ಲಿ ಮೂರು-ನಾಲ್ಕು ವಾರದಲ್ಲಿ ತಗ್ಗುತ್ತದೆ. 41 ದಿನ ಮುಗಿಸಿದವರು ಆ ಏರನ್ನು ಹತ್ತಿ ಆಗಿದೆ. ಉಳಿಯುವುದು ವಾಸನೆಯ ನೆನಪು. ಮಾಲೆ ತೆಗೆದ ಮೇಲೂ ಟಪರಿ ಅಲ್ಲೇ ಇರುತ್ತದೆ, ‘ಬೇಡ ಸ್ವಾಮಿ’ ಎನ್ನುವವರು ಇರುವುದಿಲ್ಲ. ಅಲ್ಲಿಯವರೆಗೆ ಮಾಲೆಗೆ ಹೆದರಿ ಒತ್ತದ ‘ಓಕೆ’ಯನ್ನು ಇನ್ನು ನಮ್ಮ ಮನಸ್ಸಿನಿಂದ ಒತ್ತದಿರಬೇಕು. ಒಬ್ಬರಿಂದಲೇ ಆಗದಿದ್ದರೆ ತಂಬಾಕು ಬಿಡುವವರಿಗಾಗಿ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ: 1800-11-2356.

ಕೊನೆಗೆ, ಇನ್ನೂ ಸೇದುವ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಅಂಗಿಗೆ ಅಂಟಿದ ಹೊಗೆ ಪಕ್ಕದಲ್ಲಿ ಕೂತ ಕನ್ನಿಸ್ವಾಮಿಗೆ ಪರೀಕ್ಷೆ. ಅವನ ವ್ರತದಲ್ಲಿ ನಿಮ್ಮ ಪಾಲೂ ಇದೆ.

ಸ್ವಾಮಿಯೇ ಶರಣಂ ಅಯ್ಯಪ್ಪ.