ಸೊನ್ನಲಿಗೆಯ ಸಂಕ್ರಾಂತಿ ಮತ್ತು ಆಕಾಶದ ಮಕರ

ಸೊನ್ನಲಿಗೆಯೆಂಬ ಹಳೆಯ ಹೆಸರಿನ ಸೊಲ್ಲಾಪುರದ ಜನ ಗಡ್ಡಾ ಜಾತ್ರೆಯೆಂದು ಕರೆಯುವ ಸಿದ್ಧರಾಮೇಶ್ವರ ಮಹೋತ್ಸವವು ಚಾಂದ್ರಮಾನದ ತಿಥಿಗೆ ಕಟ್ಟುಬೀಳದೆ ಸೂರ್ಯನ ಮಕರ ರಾಶಿ ಪ್ರವೇಶವನ್ನೇ ಆಧರಿಸಿ ನಡೆಯುವುದರಿಂದ, ಈ ಭಾಗದ ದೊಡ್ಡ ಜಾತ್ರೆಗಳಲ್ಲಿ ಅದಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಭೋಗಿಯ ಹಿಂದಿನ ದಿನ ಏಳು ನಂದಿಧ್ವಜಗಳು ಊರು ಸುತ್ತಿ, ಸಿದ್ಧರಾಮನು ಸ್ಥಾಪಿಸಿದನೆಂದು ನಂಬಲಾದ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಭೋಗಿಯಂದು ಗುಡಿಯ ಬಳಿಯ ಸಮ್ಮತಿಕಟ್ಟೆಯ ಮುಂದೆ ಕನ್ನಡದಲ್ಲಿ ಸಮ್ಮತಿ ಓದಿ ಅಕ್ಷತೆ ಹಾಕಲಾಗುತ್ತದೆ. ಸಂಕ್ರಾಂತಿಯ ದಿನ ಹೋಮ ನಡೆಯುತ್ತದೆ. ಸಿದ್ಧರಾಮನನ್ನೇ ವರಿಸಬೇಕೆಂದು ಹಟ ಹಿಡಿದ ಕುಂಬಾರರ ಕನ್ಯೆಯೊಬ್ಬಳಿಗೆ ಆ ಶಿವಯೋಗಿಯು ತನ್ನ ಯೋಗದಂಡದೊಡನೆ ಮದುವೆಯಾಗಲು ಒಪ್ಪಿಗೆ ಕೊಟ್ಟನೆಂದೂ, ಮದುವೆಯ ಬಳಿಕ ಆಕೆ ಅಗ್ನಿಪ್ರವೇಶ ಮಾಡಿದಳೆಂದೂ ಹೇಳುವ ಕಥೆ ಈ ಮೂರು ದಿನಗಳ ವಿಧಿಗಳಿಗೆ ಆಧಾರವಾಗಿದ್ದು, ನಂದಿಧ್ವಜಗಳು ಆ ದಂಡದ ಪ್ರತೀಕಗಳೆಂದು ಭಕ್ತರು ಭಾವಿಸುತ್ತಾರೆ.

ಇಲ್ಲಿ ವಿಚಾರಕ್ಕೆ ಅರ್ಹವಾದ ಪ್ರಶ್ನೆಯೊಂದು ಏಳುತ್ತದೆ. ಹನ್ನೆರಡನೆಯ ಶತಮಾನದ ಶರಣರು ದಿನಶುದ್ಧಿ, ಲಗ್ನಶುದ್ಧಿಗಳ ಭಯದಿಂದ ಜನರನ್ನು ಬಿಡಿಸಲು ಯತ್ನಿಸಿದವರು. ಬಸವಣ್ಣನವರ ಪ್ರಸಿದ್ಧ ವಚನವೊಂದು, ತಮ್ಮವರು ಬಂದು ಕೇಳಿದರೆ ರಾಶಿಕೂಟವೂ ಚಂದ್ರಬಲ ತಾರಾಬಲಗಳೂ ಇವೆಯೆಂದೇ ಹೇಳಬೇಕೆಂದು ಜೋಯಿಸರನ್ನು ಕೇಳಿಕೊಂಡು, ಒಳ್ಳೆಯ ಕೆಲಸಕ್ಕೆ ನಾಳೆಗಿಂತ ಇಂದೇ ಲೇಸೆಂಬ ನಿಲುವನ್ನು ತಾಳುತ್ತದೆ. ಅದೇ ಬಳಗಕ್ಕೆ ಸೇರಿ, ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನ ಬರೆದ ಸಿದ್ಧರಾಮನ ಉತ್ಸವವು ಸೂರ್ಯನ ರಾಶಿಪ್ರವೇಶಕ್ಕೆ ಕಟ್ಟುಬಿದ್ದಿರುವುದು ವಿರೋಧಾಭಾಸವಲ್ಲವೆ? ಆ ದಿನದ ಪಾವಿತ್ರ್ಯವು ಆಕಾಶದ ನಕ್ಷತ್ರಗಳಿಂದ ಇಳಿದು ಬರುವುದೋ, ಅಥವಾ ಆ ದಿನ ಕೂಡುವ ಜನರ ಶ್ರದ್ಧೆಯಿಂದ ಹುಟ್ಟುವುದೋ? ಇದನ್ನು ನಿರ್ಣಯಿಸಬೇಕಾದರೆ ಮೊದಲು ಮಕರವೆಂದರೇನು ಎಂಬುದನ್ನು ಆಕಾಶದಲ್ಲಿಯೇ ನೋಡಬೇಕು.

ಸೂರ್ಯನು ವರ್ಷವಿಡೀ ನಕ್ಷತ್ರಗಳ ನಡುವೆ ಸಾಗುವಂತೆ ತೋರುವ ದಾರಿಗೆ ಕ್ರಾಂತಿವೃತ್ತವೆಂದು ಹೆಸರು. ಆ ದಾರಿಯ ಮೇಲಿನ ಹನ್ನೆರಡು ರಾಶಿಗಳ ನಕ್ಷತ್ರಪುಂಜಗಳಲ್ಲಿ ಮಕರವೇ ಅತಿ ಚಿಕ್ಕದು, ಮಂಕಾದವುಗಳಲ್ಲಿಯೂ ಒಂದು. ಅದರ ಅತ್ಯಂತ ಪ್ರಕಾಶಮಾನ ತಾರೆಯಾದ ದೆನೆಬ್ ಅಲ್ಗೆದಿ ಮೂರನೆಯ ಕಾಂತಿಮಾನದ ಆಸುಪಾಸಿನದು, ಸುಮಾರು 39 ಜ್ಯೋತಿರ್ವರ್ಷ ದೂರದಲ್ಲಿರುವುದು. ಪುಂಜದ ಪಶ್ಚಿಮ ತುದಿಯಲ್ಲಿರುವ ಅಲ್ಗೆದಿಯು ಒಳ್ಳೆಯ ಕಣ್ಣಿಗೆ ಎರಡು ಚುಕ್ಕೆಗಳಾಗಿ ಕಾಣುತ್ತದೆ. ಪಕ್ಕಪಕ್ಕದಲ್ಲಿರುವಂತೆ ತೋರುವ ಆ ಎರಡರಲ್ಲಿ ಒಂದು ಸುಮಾರು ನೂರು ಜ್ಯೋತಿರ್ವರ್ಷ ದೂರದಲ್ಲಿದ್ದರೆ ಇನ್ನೊಂದು ಅದಕ್ಕಿಂತ ಹಲವು ಪಟ್ಟು ಆಚೆಗಿದ್ದು, ಅವುಗಳ ನಡುವೆ ಯಾವ ಸಂಬಂಧವೂ ಇಲ್ಲ. ದಸರೆಯ ಆಸುಪಾಸಿನ ರಾತ್ರಿ ಎಂಟರ ಸುಮಾರಿಗೆ ಸೊಲ್ಲಾಪುರದಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದವರಿಗೆ, ದಿಗಂತದಿಂದ ಸುಮಾರು ಐವತ್ತು ಅಂಶ ಎತ್ತರದಲ್ಲಿ, ಅಗಲವಾದ ತ್ರಿಕೋನದ ಆಕಾರದಲ್ಲಿ ಈ ಪುಂಜ ಕಾಣಿಸುತ್ತದೆ. ಸಂಕ್ರಾಂತಿಯ ವಾರದಲ್ಲಾದರೋ ಸೂರ್ಯನು ಅದೇ ದಿಕ್ಕಿನಲ್ಲಿದ್ದು, ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುವ ಈ ಪುಂಜ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಲಕ್ಷಾಂತರ ಜನ ಮಕರದ ಹೆಸರಿನಲ್ಲಿ ಸೇರುವ ದಿನ ಮಕರವನ್ನು ಕಂಡವರು ಒಬ್ಬರೂ ಇರಲಾರರು.

ಅಷ್ಟೇ ಅಲ್ಲ, ಖಗೋಳಜ್ಞರು ಇಂದು ಗುರುತಿಸುವ ಗಡಿಗಳ ಪ್ರಕಾರ ಸೂರ್ಯನು ಈ ಪುಂಜವನ್ನು ಪ್ರವೇಶಿಸುವುದು ಜನವರಿ 20ರ ಸುಮಾರಿಗೆ. ಜನವರಿ 14 ಅಥವಾ 15ರಂದು ಅವನಿನ್ನೂ ಧನುಸ್ಸಿನ ಪುಂಜದಲ್ಲಿಯೇ ಇರುತ್ತಾನೆ. ಪಂಚಾಂಗದ ರಾಶಿಯೆಂಬುದು ನಕ್ಷತ್ರಗಳ ಆಕೃತಿಯಲ್ಲ, ಕ್ರಾಂತಿವೃತ್ತವನ್ನು ಮೂವತ್ತು ಮೂವತ್ತು ಅಂಶಗಳ ಹನ್ನೆರಡು ಸಮಭಾಗಗಳಾಗಿ ಹಂಚಿದ ಅಳತೆ ಎಂಬುದು ಇದಕ್ಕೆ ಕಾರಣ. ಜ್ಯೋತಿಷವು ಮಕರಕ್ಕೆ ಕೊಡುವ ನಕ್ಷತ್ರಗಳನ್ನು, ಅಂದರೆ ಉತ್ತರಾಷಾಢೆಯ ಕೊನೆಯ ಮೂರು ಪಾದ, ಶ್ರವಣದ ನಾಲ್ಕು ಪಾದ ಮತ್ತು ಧನಿಷ್ಠೆಯ ಮೊದಲೆರಡು ಪಾದಗಳನ್ನು ತೆಗೆದುಕೊಂಡರೂ ಇದೇ ಮಾತು ಸಿದ್ಧವಾಗುತ್ತದೆ: ಉತ್ತರಾಷಾಢೆಯ ತಾರೆಗಳು ಧನುಸ್ಸಿನ ಪುಂಜದಲ್ಲಿವೆ, ಶ್ರವಣವು ಗರುಡ ಪುಂಜದ ಉಜ್ವಲ ತಾರೆ, ಧನಿಷ್ಠೆಯು ಅದರ ಪಕ್ಕದ ಪುಟ್ಟ ಪುಂಜಕ್ಕೆ ಸೇರಿದ್ದು. ಮಕರ ಪುಂಜದ ಒಂದು ತಾರೆಯೂ ಮಕರ ರಾಶಿಯ ನಕ್ಷತ್ರಗಳ ಹೆಸರಿಗೆ ಆಧಾರವಾಗಿಲ್ಲ.

ಈ ಆಕೃತಿಯ ಕಲ್ಪನೆ ದೂರದಿಂದ ಬಂದದ್ದು. ಬ್ಯಾಬಿಲೋನಿಯದ ಜನ ಇಲ್ಲಿ ಮುಂಭಾಗ ಆಡು, ಹಿಂಭಾಗ ಮೀನು ಆದ ಪ್ರಾಣಿಯನ್ನು ಕಂಡು ಅದನ್ನು ಜಲದೇವತೆಯಾದ ಏಅನಿಗೆ ಸಂಬಂಧಿಸಿದರು. ಗ್ರೀಕರು, ಟೈಫೋನನೆಂಬ ದೈತ್ಯನಿಗೆ ಹೆದರಿ ನೀರಿಗೆ ಹಾರಿದ ಪ್ಯಾನ್ ದೇವತೆಯ ದೇಹ ಅರ್ಧ ಮೀನಾಯಿತೆಂದು ಕಥೆ ಕಟ್ಟಿದರು. ವೇದಾಂಗ ಜ್ಯೋತಿಷವು ಇಪ್ಪತ್ತೇಳು ನಕ್ಷತ್ರಗಳನ್ನು ಬಲ್ಲದಾದರೂ ಹನ್ನೆರಡು ರಾಶಿಗಳನ್ನು ಹೆಸರಿಸುವುದಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹಜ್ಜಾತಕದಲ್ಲಿ ಮಕರಕ್ಕೆ ಆಕೋಕೇರವೆಂಬ ಗ್ರೀಕ್ ಮೂಲದ ಹೆಸರನ್ನೂ ಕೊಟ್ಟು, ಅದನ್ನು ಜಿಂಕೆಯ ಮುಖವುಳ್ಳ ಮಕರವೆಂದು ವರ್ಣಿಸಿದ್ದಾನೆ. ಹೊರಗಿನಿಂದ ಬಂದ ಈ ಪ್ರಾಣಿ ಇಲ್ಲಿ ಆಗಲೇ ಇದ್ದ ಮಕರದೊಡನೆ ಬೆರೆಯಿತು. ವರುಣನಿಗೂ ಗಂಗೆಗೂ ವಾಹನವಾದ, ಮನ್ಮಥನ ಧ್ವಜವಾದ ಮಕರವನ್ನು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮೊಸಳೆಯ ದವಡೆ, ಆನೆಯ ಸೊಂಡಿಲು, ಬಳ್ಳಿಯಂತೆ ಸುರುಳಿಗಟ್ಟಿದ ಬಾಲವನ್ನು ಕೂಡಿಸಿ ಗುಡಿಗಳ ತೋರಣಗಳಲ್ಲಿ ಕಡೆದರು. ಮೂರೂ ನಾಡುಗಳ ಕಲ್ಪನೆಯಲ್ಲಿ ನೀರೇ ಮುಖ್ಯವಾಗಿರುವುದು ಗಮನಾರ್ಹ. ಬರಡು ನೆಲದ ಸೊನ್ನಲಿಗೆಯಲ್ಲಿ ಸಿದ್ಧರಾಮನು ಮಾಡಿದ ದೊಡ್ಡ ಕೆಲಸವೂ ಕೆರೆ ಕಟ್ಟಿಸಿ ನೀರು ನಿಲ್ಲಿಸಿದ್ದೇ ಆಗಿದೆ.

ಇನ್ನು ಪುಣ್ಯಕಾಲದ ವಿಚಾರ. ಮಕರ ಸಂಕ್ರಾಂತಿಯಂದು ಉತ್ತರಾಯಣ ಆರಂಭವಾಗುವುದರಿಂದ ಆ ದಿನಕ್ಕೆ ಪುಣ್ಯವೆಂದು ಸಂಪ್ರದಾಯ ಹೇಳುತ್ತದೆ. ಆದರೆ ಸೂರ್ಯನು ದಕ್ಷಿಣದ ತುತ್ತತುದಿ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು, ಅಂದರೆ ಸಂಕ್ರಾಂತಿಗೆ ಸುಮಾರು ಇಪ್ಪತ್ನಾಲ್ಕು ದಿನ ಮೊದಲು. ಭೂಮಿಯ ಅಕ್ಷವು ಬಹು ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ಹಗಲಿರುಳು ಸಮವಾಗುವ ವಿಷುವಬಿಂದುವು ನಕ್ಷತ್ರಗಳ ನಡುವೆ ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ಅಂಶದಂತೆ ಹಿಂದೆ ಸರಿಯುತ್ತದೆ; ಹೀಗೆ ಕೂಡಿಕೊಂಡ ಅಂತರಕ್ಕೆ ಅಯನಾಂಶವೆಂದು ಹೆಸರು. ಈ ಅಂತರ ಸಿದ್ಧರಾಮನ ಕಾಲಕ್ಕೇ ಹತ್ತು ಹನ್ನೆರಡು ದಿನದಷ್ಟಾಗಿತ್ತು: ಆ ಕಾಲದ ಕನ್ನಡ ಶಾಸನಗಳು ದಾನಕೊಟ್ಟ ದಿನವೆಂದು ಮತ್ತೆ ಮತ್ತೆ ಹೇಳುವ ಉತ್ತರಾಯಣ ಸಂಕ್ರಾಂತಿಯು ಅಂದಿನ ಜೂಲಿಯನ್ ಲೆಕ್ಕದಲ್ಲಿ ಡಿಸೆಂಬರ್ 24–25ರ ಸುಮಾರಿಗೆ ಬೀಳುತ್ತಿದ್ದರೆ, ನಿಜವಾದ ಅಯನವು ಅದೇ ತಿಂಗಳ ನಡುವೆಯೇ ಮುಗಿದಿರುತ್ತಿತ್ತು. ವರಾಹಮಿಹಿರನಿಗೆ ಈ ಜಾರುವಿಕೆಯ ಸುಳಿವಿತ್ತು. ಹಿಂದೆ ಧನಿಷ್ಠೆಯ ಮೊದಲಿಗೆ ಆಗುತ್ತಿದ್ದ ಉತ್ತರಾಯಣವು ತನ್ನ ಕಾಲಕ್ಕೆ ಮಕರದ ಮೊದಲಿಗೆ ಆಗುತ್ತಿದೆಯೆಂದು ಬೃಹತ್ಸಂಹಿತೆಯಲ್ಲಿ ಬರೆದು, ವ್ಯತ್ಯಾಸ ಕಂಡರೆ ಪ್ರತ್ಯಕ್ಷ ಪರೀಕ್ಷೆಯಿಂದಲೇ ತಿಳಿಯಬೇಕೆಂದು ಆತ ಹೇಳಿದ್ದು ಭಾರತೀಯ ಶಾಸ್ತ್ರಪರಂಪರೆಯ ಅತ್ಯಂತ ಪ್ರಾಮಾಣಿಕ ಮಾತುಗಳಲ್ಲಿ ಒಂದೆಂದು ಹೇಳಬೇಕು.

ನೂರು ವರ್ಷ ದಾಟಿದ ದಾತೆ ಪಂಚಾಂಗ ಸೊಲ್ಲಾಪುರದ್ದೇ ಆದ್ದರಿಂದ ಈ ಗಣಿತ ಇಲ್ಲಿನವರಿಗೆ ಹೊಸದಲ್ಲ. ರಾಶಿಚಕ್ರದ ಆರಂಭಬಿಂದುವನ್ನು ಎಲ್ಲಿಡಬೇಕೆಂಬ ವಾದದಲ್ಲಿ ಚಿತ್ರಾ ತಾರೆಯನ್ನು ಆಧರಿಸಿದ ಪಕ್ಷವೇ ಇಂದು ಹೆಚ್ಚು ಬಳಕೆಯಲ್ಲಿದ್ದು, ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯೂ 1955ರ ವರದಿಯಲ್ಲಿ ಅದನ್ನೇ ಒಪ್ಪಿತು; ಆದರೆ ರೇವತಿಯ ಒಂದು ತಾರೆಯನ್ನು ಆಧರಿಸಿದ ತಿಲಕ ಪಂಚಾಂಗದ ಪ್ರಕಾರ ಮಕರ ಸಂಕ್ರಾಂತಿ ಜನವರಿ 10ಕ್ಕೇ ಬರುತ್ತದೆ. ಒಂದೇ ಸೂರ್ಯ, ಒಂದೇ ಆಕಾಶ, ಒಂದೇ ರಾಜ್ಯ. ಪುಣ್ಯಕಾಲ ಮಾತ್ರ ನಾಲ್ಕು ದಿನ ಆಚೀಚೆ. ಪುಣ್ಯವು ಗ್ರಹಗತಿಯಿಂದಲೇ ಸುರಿಯುವ ವಸ್ತುವಾಗಿದ್ದರೆ ಇವರಲ್ಲಿ ಒಂದು ಪಕ್ಷದವರ ವ್ರತವೆಲ್ಲ ನಿಷ್ಫಲವಾಗಬೇಕಾಗುತ್ತದೆ. ಹಾಗೆ ಹೇಳುವ ಧೈರ್ಯ ಯಾವ ಧರ್ಮಶಾಸ್ತ್ರಕ್ಕೂ ಇರಲಾರದು.

ಫಲಜ್ಯೋತಿಷದಲ್ಲಿ ಮಕರವು ಪೃಥ್ವೀತತ್ತ್ವದ ಚರರಾಶಿ, ಶನಿಯ ಮನೆ, ಕುಜನಿಗೆ ಉಚ್ಚಸ್ಥಾನ, ಗುರುವಿಗೆ ನೀಚಸ್ಥಾನ. ಶನಿಯು ಜನ್ಮರಾಶಿಯಲ್ಲಿಯೂ ಅದರ ಹಿಂದು ಮುಂದಿನ ರಾಶಿಗಳಲ್ಲಿಯೂ ಇರುವ ಏಳೂವರೆ ವರ್ಷಕ್ಕೆ ಸಾಡೇಸಾತಿ ಎನ್ನುತ್ತಾರೆ; ಮಕರದವರಿಗೆ ಅದು ಮುಗಿದದ್ದು 2025ರ ಮಾರ್ಚ್ ಕೊನೆಗೆ. ಅಷ್ಟು ವರ್ಷಗಳ ಕಾಲ ಅಂಗಡಿಯ ನಷ್ಟ, ಮಗಳ ಮದುವೆಯ ವಿಳಂಬ, ಮೈಯ ಬೇನೆ ಎಲ್ಲಕ್ಕೂ ಶನಿಯೇ ಕಾರಣವೆಂದು ನಂಬಿ ಕುಗ್ಗಿದ ಕುಟುಂಬಗಳ ಸಂಕಟವನ್ನು ಹಗುರವಾಗಿ ಕಾಣಲಾಗದು. ಮನುಷ್ಯನಿಗೆ ಮುಂದಿನದನ್ನು ತಿಳಿಯುವ ಹಂಬಲ ಸಹಜ, ಮಳೆಯನ್ನೇ ನಂಬಿದ ರೈತನಿಗಂತೂ ಅದು ಅನಿವಾರ್ಯ. ಸಿದ್ಧರಾಮನ ಜಾತ್ರೆಯಲ್ಲಿಯೂ ಹೋಮದ ಬಳಿಕ ಭಾಕಣೂಕ, ಅಂದರೆ ವರ್ಷಭವಿಷ್ಯ, ನುಡಿಯುವ ಪದ್ಧತಿಯಿದೆ: ಹಗಲೆಲ್ಲ ಉಪವಾಸವಿಟ್ಟ ಕರುವನ್ನು ತಂದು, ಕಾಳುಕಡಿ ಮೊದಲಾದವನ್ನು ಅದರ ಮುಂದಿಟ್ಟು, ಅದು ಯಾವುದನ್ನು ಮೂಸಿತು, ಯಾವುದನ್ನು ಮುಟ್ಟಿತು, ಬೆದರಿತೇ, ಮೂತ್ರ ಮಾಡಿತೇ ಎಂಬುದನ್ನು ನೋಡಿ ಮಳೆಬೆಳೆ, ಧಾರಣೆಗಳನ್ನು ಊಹಿಸುತ್ತಾರೆ. ಮೈಲಾರದ ಕಾರಣಿಕಕ್ಕೆ ಕಿವಿಗೊಡುವ ರೈತನಂತೆ ಈ ಸೀಮೆಯ ರೈತನೂ ಅದನ್ನು ಕೇಳಿಸಿಕೊಳ್ಳುತ್ತಾನೆ, ಆದರೆ ಹಿಂಗಾರಿ ಜೋಳವನ್ನು ಅವನು ಬಿತ್ತುವುದು ಹೊಲದ ಹಸಿ ನೋಡಿಯೇ. ಸಾಮೂಹಿಕವಾದ ಈ ಹಂಬಲಕ್ಕೂ, ಹುಟ್ಟಿದ ಗಳಿಗೆಯಿಂದಲೇ ಒಬ್ಬ ವ್ಯಕ್ತಿಯ ಬಾಳು ತೀರ್ಮಾನವಾಗಿದೆ ಎಂಬ ನಂಬಿಕೆಗೂ ಬಹಳ ಅಂತರವಿದೆ. ಶರಣಧರ್ಮ ನಿರಾಕರಿಸುವುದು ಎರಡನೆಯದನ್ನು.

ಸಿದ್ಧರಾಮನ ಜೀವನವೇ ಆ ನಿರಾಕರಣೆಗೆ ಸಾಕ್ಷಿ. ರಾಘವಾಂಕನ ಸಿದ್ಧರಾಮಚರಿತ್ರೆಯಿಂದ ಹಿಡಿದು, ಸೊಲ್ಲಾಪುರದವರೇ ಆದ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆಯವರು ತ್ರಿಪದಿಯಲ್ಲಿ ರಚಿಸಿದ ಪುರಾಣದವರೆಗೆ ಕವಿಗಳು ಕಂಡದ್ದು ಕರ್ಮಯೋಗಿಯನ್ನು. ಶೂನ್ಯಸಂಪಾದನೆ ಹೇಳುವಂತೆ, ಕೆರೆಯ ಕೆಲಸದಲ್ಲಿ ಮುಳುಗಿದ್ದ ಅವನ ಬಳಿಗೆ ಬಂದ ಅಲ್ಲಮಪ್ರಭು ಹೊರಗಿನ ಕಾಯಕದ ಜೊತೆಗೆ ಒಳಗಿನ ಅರಿವೂ ಬೇಕೆಂದು ಎಚ್ಚರಿಸಿ ಕಲ್ಯಾಣಕ್ಕೆ ಕರೆದೊಯ್ದನು. ಆ ಸಂವಾದದಲ್ಲಿ ಗುಡಿ, ಕೆರೆಗಳೂ ಸಹ ಅಂತಿಮವಲ್ಲವೆಂದು ತೀರ್ಮಾನವಾದ ಮೇಲೆ ರಾಶಿಗೆ ಎಲ್ಲಿಯ ಪ್ರಾಮಾಣ್ಯ? ಜನರು ಹೇಳುವ ಯೋಗದಂಡದ ಮದುವೆಯ ಕಥೆಯಲ್ಲಿಯೂ ಜಾತಕ ಕೂಡಿಸಿದ ಪ್ರಸ್ತಾಪವಿಲ್ಲ, ಇರುವುದು ಹೆಣ್ಣಿನ ಹಟ ಮತ್ತು ಯೋಗಿಯ ಕರುಣೆ. ಆದ್ದರಿಂದ ಸಂಕ್ರಾಂತಿಯು ಈ ಜಾತ್ರೆಗೆ ಪುಣ್ಯ ಕೊಟ್ಟಿತೆನ್ನುವುದಕ್ಕಿಂತ, ಸುಗ್ಗಿ ಸಮೀಪಿಸಿ, ಹೊಲದಲ್ಲಿ ಸೀತನಿ ಸುಟ್ಟು ತಿನ್ನುವ, ಮನೆಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಯುವ ಕಾಲದಲ್ಲಿ ಎಲ್ಲರೂ ಕೂಡಲು ಒಂದು ನೆಲೆಯಾದ ಗುರುತನ್ನು ಕೊಟ್ಟಿತೆನ್ನುವುದೇ ಸರಿ. ಆ ಗುರುತು ಅಯನದಿಂದ ಜಾರಿದೆಯೆಂದು ಜಾತ್ರೆಯ ದಿನವನ್ನು ಡಿಸೆಂಬರಿಗೆ ಎಳೆಯಬೇಕಾಗಿಲ್ಲ. ಆದರೆ ಉತ್ತರಾಯಣ ಆ ದಿನವೇ ಆರಂಭವೆಂದು ಮಕ್ಕಳಿಗೆ ಕಲಿಸುವುದನ್ನು ನಿಲ್ಲಿಸಬೇಕು.

ಇದಕ್ಕೆ ದೂರದರ್ಶಕವೂ ಬೇಡ, ವಾದವೂ ಬೇಡ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಅಂಗಳದಲ್ಲಿ ನೂರು ಸೆಂಟಿಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಸೂರ್ಯನು ನಡುನೆತ್ತಿಯ ರೇಖೆಗೆ ಬಂದಾಗ ಅದರ ನೆರಳನ್ನು ದಿನವೂ ಅಳೆದರೆ, ಡಿಸೆಂಬರ್ 22ರಂದು ಸುಮಾರು 87 ಸೆಂಟಿಮೀಟರ್ ಇದ್ದ ನೆರಳು ಸಂಕ್ರಾಂತಿಯ ಹೊತ್ತಿಗೆ 81ಕ್ಕೆ ಇಳಿದಿರುವುದು ಕಾಣುತ್ತದೆ. ವರಾಹಮಿಹಿರನು ಹೇಳಿದ ಪ್ರತ್ಯಕ್ಷ ಪರೀಕ್ಷೆ ಇದೇ. ಈ ಶಾಲೆಗಳ ಶಿಕ್ಷಕರು ಬರುವ ಡಿಸೆಂಬರಿನಲ್ಲಿ ಇದನ್ನು ಮಾಡಿ ತೋರಿಸಲಿ, ಪಂಚಾಂಗಕರ್ತರು ನಿಜವಾದ ಅಯನದ ದಿನವನ್ನೂ ಸಂಕ್ರಾಂತಿಯಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ.